ಇಳಕಲ್ ಸೆರಗಿನ ತುದಿ

ಹಳೇ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ನುಸಿಗುಳಿಗೆಯ ವಾಸನೆ ಬರುತ್ತದೆ. ಅದರ ಹಿಂದೆಯೇ ಹಳೇ ಬಟ್ಟೆಯ ವಾಸನೆ. ಇವತ್ತು ಬೆಳಿಗ್ಗೆ ಸೊಸೆ ಎರಡು ಸೀರೆ ತಂದು, "ಅತ್ತೆ, ಇವನ್ನ ಕೆಲಸದವಳಿಗೆ ಕೊಡ್ತೀನಿ. ಅದೇನೋ ತುದಿ ಕತ್ತರಿಸ್ತೀರಲ್ಲ, ಕತ್ತರಿಸಿ ಕೊಡಿ" ಅಂದಳು. ಕತ್ತರಿಸಿದ ತುದಿ ಹಾಕಿಡಲು ಡಬ್ಬಿ ತೆಗೆದೆ.

ಇದು ನಮ್ಮತ್ತೆ ಕಲಿಸಿದ ಪದ್ಧತಿ. ಉಟ್ಟ ಸೀರೆ ಯಾರಿಗೆ ಕೊಟ್ಟರೂ ಸೆರಗಿನ ತುದಿಯಿಂದ ಎರಡು ಬೆರಳಗಲ ಕತ್ತರಿಸಿ ಇಟ್ಟುಕೊಳ್ಳಬೇಕು. ಪೂರ್ತಿ ಸೀರೆ ಕೊಟ್ಟರೆ ಮಾಟ ಮಾಡಿಸುತ್ತಾರಂತೆ. ನನಗೆ ಮಾಟದಲ್ಲಿ ನಂಬಿಕೆ ಇಲ್ಲ. ಖರ್ಚು ಮಾಡಿ ನನಗೆ ಮಾಟ ಮಾಡಿಸುವಂಥ ದಡ್ಡರು ಯಾರಿದ್ದಾರೆ? ಆದರೂ ಕತ್ತರಿಸುತ್ತೇನೆ. ಅಕ್ಕಿಚೀಲದ ಬಾಯಿ ಕಟ್ಟಲು ಬರುತ್ತದೆ.

ಡಬ್ಬಿಯ ತಳದಲ್ಲಿ ಆ ಕೆಂಪು ತುಂಡು ಇತ್ತು. ಇಳಕಲ್ ಸೀರೆಯದು. ಕೆಂಪು ಸೆರಗಿನ ಮೇಲೆ ಬಿಳಿ ತೆನೆಗಳು. ಅದನ್ನು ಕತ್ತರಿಸಿದ ದಿನ ಕತ್ತರಿ ಮೊಂಡಾಗಿತ್ತು, ಸೊಟ್ಟಗೆ ಹೋಗಿ ಒಂದು ತೆನೆಯ ತಲೆ ಹಾರಿ ಈ ತುಂಡಿಗೆ ಬಂತು. ತಲೆಯಿಲ್ಲದ ತೆನೆ ಸೀರೆಯಲ್ಲಿ ಉಳಿಯಿತು. ಆ ಸೀರೆ ಈಗ ಇಲ್ಲ, ಪೆಟ್ರೋಲ್ ಹಾಕಿ ಸುಟ್ಟರು. ಅದನ್ನು ಬಾಗಿಲಿಗೆ ಕಟ್ಟಿಕೊಂಡಿದ್ದ ಮನುಷ್ಯನನ್ನು ಹೊಡೆದು ಕೊಂದರು. ನಮ್ಮ ಮಹಡಿಮನೆಯಲ್ಲಿ ಬಾಡಿಗೆಗಿದ್ದ ಹುಡುಗಿಯ ತಲೆ ಒಡೆದರು...

ತುಂಡಿನ ಕೆಳಗೆ ಅವಳು ಕಳಿಸಿದ ಫೋಟೋ ಹಾಗೇ ಇತ್ತು.

ಸುದ್ದಗುಂಟೆಪಾಳ್ಯದ ನಮ್ಮ ಮನೆಯ ಮೇಲೆ ಒಂದು ರೂಮು, ಒಂದು ಬಚ್ಚಲು. ಅವಳು ಅಲ್ಲಿ ಮೂರು ವರ್ಷ ಇದ್ದಳು. ಹಾಸನದ ಕಡೆಯವಳು, ಮೂವತ್ತು ದಾಟಿರಬೇಕು. ಕೆಲಸ ಫೋಟೋ ತೆಗೆಯುವುದು. ಯಾವ ಪೇಪರಿನ ಆಫೀಸಿಗೂ ಸೇರಿದವಳಲ್ಲ, ತಾನೇ ತೆಗೆದು, ಕೇಳಿದವರಿಗೆ ಕೊಡುವುದು. ತೆಗೆಯುತ್ತಿದ್ದದ್ದು ಊರು ಬಿಟ್ಟು ಬಂದವರದ್ದು, ಓಡಿಸಿಕೊಂಡು ಬಂದವರದ್ದು. ಅವಳ ಗೋಡೆಯ ಮೇಲೆಲ್ಲ ಅಂಥವೇ ಫೋಟೋ, ಹೊಲಿಗೆ ಹಾಕಿದ ತಲೆ, ಕರಟಿಹೋದ ಅನ್ನದ ಪಾತ್ರೆ, ಮಗುವಿನ ಒಂಟಿ ಚಪ್ಪಲಿ. ಕಸ ಗುಡಿಸಲು ಹೋದ ದಿನ ನನಗೆ ಊಟ ಸೇರುತ್ತಿರಲಿಲ್ಲ.

"ಮದುವೆ ಫೋಟೋ ತೆಗಿಯೇ, ನಾಲ್ಕು ಕಾಸು ಬರುತ್ತೆ, ಊಟಾನೂ ಹಾಕ್ತಾರೆ" ಅಂದಿದ್ದೆ.

"ಮದುವೆಯವರು ನಗಿ ಅಂದ್ರೆ ನಗ್ತಾರೆ ಅಜ್ಜಿ. ಬೋರು."

ಅವಳ ಕೆಲಸಕ್ಕೆ ಅವಳದೇ ಕಟ್ಟುಪಾಡಿತ್ತು. ಹೊಸ ಜಾಗಕ್ಕೆ ಹೋದರೆ ಮೊದಲ ವಾರ ಕ್ಯಾಮೆರಾ ಚೀಲದಿಂದ ಹೊರಗೆ ಬರುತ್ತಿರಲಿಲ್ಲ. ಸುಮ್ಮನೆ ಕೂತು ಟೀ ಕುಡಿದು ಬರುವುದು. ಆಮೇಲೆ ತೆಗೆದರೂ ಮುಖ ಇಲ್ಲ, ಊರು ಇಲ್ಲ, ಬೋರ್ಡು ಇಲ್ಲ. ಅಂಗಡಿ ಹೆಸರಿರುವ ಕ್ಯಾಲೆಂಡರ್ ಇದ್ದರೆ ಗೋಡೆಯಿಂದ ಇಳಿಸುವಳು, ನೀರಿನ ಕ್ಯಾನಿನ ಚೀಟಿಯನ್ನು ಆ ಕಡೆ ತಿರುಗಿಸುವಳು. ತೆಗೆದ ಫೋಟೋವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಅವರ ಕೈಗೇ ಕೊಟ್ಟು, "ಹಾಕಬಹುದಾ?" ಎಂದು ಕೇಳುವಳು. ಒಪ್ಪಿದರೆ ಹಿಂಬದಿಯಲ್ಲಿ ಸೈನು, ಬರೆಯಲು ಬಾರದಿದ್ದರೆ ಹೆಬ್ಬೆಟ್ಟು. ಒಪ್ಪದಿದ್ದರೆ ಅವರೆದುರೇ ಹರಿದು ಹಾಕುವಳು.

"ಇದೇನು ಸಬ್ ರಿಜಿಸ್ಟ್ರಾರ್ ಆಫೀಸಾ?" ಅಂದೆ ಒಂದು ಸಲ.

"ಅದಕ್ಕಿಂತ ದೊಡ್ಡದು ಅಜ್ಜಿ. ಅಲ್ಲಿ ಸೈಟು ಹೋಗುತ್ತೆ, ಇಲ್ಲಿ ತಲೆ ಹೋಗುತ್ತೆ."

ಅವಳಿಂದಲೇ ನನಗೆ ಕಸ ಆಯುವ ಹೆಂಗಸಿನ ಪರಿಚಯ. ಬಂಗಾಲಿ ಮಾತಾಡುವವಳು, ಗಂಡ, ಎರಡು ಹೆಣ್ಣುಮಕ್ಕಳು. ವಾರಕ್ಕೊಂದು ಸಲ ಬಂದು ನಮ್ಮ ಮನೆಯ ರಟ್ಟು, ಹಾಲಿನ ಕವರು, ಬಾಟಲಿ ಒಯ್ಯುವಳು. ನನ್ನನ್ನು "ಅಮ್ಮಾ" ಅನ್ನುವಳು. ಕನ್ನಡದಲ್ಲಿ ಅವಳಿಗೆ ಬರುತ್ತಿದ್ದದ್ದು ಹತ್ತು ಮಾತು, ಅದರಲ್ಲಿ ಆರು ಬೈಗುಳ, ಬೀದಿಯಲ್ಲಿ ಕೇಳಿ ಕಲಿತದ್ದು. ಆದರೆ ಅದನ್ನೆಲ್ಲ ಮರ್ಯಾದೆಯ ಮಾತು ಅಂದುಕೊಂಡಿದ್ದಳು. ಒಂದು ದಿನ ನನಗೇ ನಗುನಗುತ್ತಾ ಒಂದು ಪ್ರಯೋಗ ಮಾಡಿದಳು. ನಾನು ತಿದ್ದಿದೆ.

ಅವರ ಶೆಡ್ಡುಗಳು ಆಗ ಊರಿನ ಇನ್ನೊಂದು ಮೂಲೆಯಲ್ಲಿದ್ದವು. ಒಂದು ದಿನ ಕೆಲವು ಗಂಡಸರು ಬಂದು ಇವರು ಹೊರದೇಶದವರು ಎಂದು ಕೂಗಾಡಿ, ಶೆಡ್ಡಿಗೆ ಬೆಂಕಿ ಹಚ್ಚಿ, ಸಿಕ್ಕವರನ್ನು ಬಡಿದರು. ಎಲ್ಲರೂ ಓಡಿಹೋದರು. ಇವಳ ಗಂಡ ಮಾತ್ರ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಹೊಡೆದವರಲ್ಲಿ ಇಬ್ಬರನ್ನು ನಾನು ಗುರುತಿಸುತ್ತೇನೆ ಅಂದ. ದೂರು ಬರೆಸಿದ. ಅಲ್ಲಿಂದ ಹೊಡೆದವರು ಅವನನ್ನು ಹುಡುಕಲು ಶುರು ಮಾಡಿದರು, ದೂರು ವಾಪಸು ತೆಗೆಸಲು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಕಡೆ ಸೇರಿಕೊಂಡ.

ಎರಡು ವಾರ ರಟ್ಟು ಒಯ್ಯಲು ಯಾರೂ ಬರಲಿಲ್ಲ. ಹುಡುಗಿಯನ್ನು ಕೇಳಿದಾಗ ಇಷ್ಟೂ ಹೇಳಿದಳು. ಎಲ್ಲಿದ್ದಾರೆ ಅಂತ ಹೇಳಲಿಲ್ಲ. ನಾನೇ ಹಟ ಹಿಡಿದೆ. ಉಟ್ಟ ಬಟ್ಟೆಯಲ್ಲಿ ಓಡಿದ್ದಾರೆ ಅಂದಮೇಲೆ ನಾಲ್ಕು ಸೀರೆ ಕೊಡೋಣ ಅನ್ನಿಸಿತು. ಕೊಡುವುದನ್ನು ಕೈಯಾರೆ ಕೊಡಬೇಕು ಅನ್ನುವುದೊಂದು ನನ್ನ ಕೆಟ್ಟ ಚಾಳಿ. ನಾಲ್ಕರಲ್ಲಿ ಒಂದು ಆ ಇಳಕಲ್ ಸೀರೆ. ಮಗಳ ಮದುವೆಯಲ್ಲಿ ಬೀಗಿತ್ತಿ ಕೊಟ್ಟದ್ದು. ಅವಳು ಬಂದಾಗಲೆಲ್ಲ, "ಅದು ಅಸಲಿ ಇಳಕಲ್ ಐತಿ ನೋಡ್ರಿ" ಅನ್ನುತ್ತಿದ್ದಳು. ಆ ಮಾತು ಕೇಳಿ ಕೇಳಿಯೇ ಉಡುವುದು ಬಿಟ್ಟಿದ್ದೆ.

ಆಟೋದಲ್ಲಿ ಇಬ್ಬರೂ ಹೋದೆವು. ಜೆ.ಪಿ. ನಗರ ದಾಟಿ ಇನ್ನೂ ಆಚೆ, ಅರ್ಧ ಕಟ್ಟಿ ಬಿಟ್ಟ ಒಂದು ಕಲ್ಯಾಣ ಮಂಟಪದ ಹಿಂದೆ, ಜಾಲಿಗಿಡಗಳ ನಡುವೆ ನೀಲಿ ಟಾರ್ಪಾಲಿನ ಎರಡೇ ಶೆಡ್ಡು. ಒಂದರಲ್ಲಿ ಇವರು, ಇನ್ನೊಂದರಲ್ಲಿ ಆಯ್ದ ರಟ್ಟು. ಇಳಿಯುವ ಮೊದಲು ಹುಡುಗಿ ನನ್ನ ಕೈ ಹಿಡಿದು ಹೇಳಿದಳು. "ಅಜ್ಜಿ, ಈ ಜಾಗ ಯಾರಿಗೂ ಹೇಳಬಾರದು. ಮಗನಿಗೂ."

"ನಾನೇನು ತಮಟೆ ಹೊಡ್ಕೊಂಡು ತಿರುಗ್ತೀನಾ?" ಅಂದೆ.

ಆ ಹೆಂಗಸು ಸೀರೆಗಳನ್ನು ಮುಟ್ಟಿ ನೋಡಿ ಇಳಕಲ್ ಸೀರೆಯನ್ನು ಆರಿಸಿಕೊಂಡಳು. ಉಡಲಿಲ್ಲ. ಶೆಡ್ಡಿಗೆ ಬಾಗಿಲಿರಲಿಲ್ಲ, ಸೆರಗು ಕೆಳಗೆ ಬರುವಂತೆ ಅಲ್ಲಿ ಕಟ್ಟಿದಳು. ಬೀಗಿತ್ತಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ನನಗೆ ಒಳಗೊಳಗೇ ಖುಷಿಯಾಯಿತು.

ಕೆಲವು ದಿನ ಬಿಟ್ಟು ಹುಡುಗಿ ಆ ಬಾಗಿಲಿನ ಫೋಟೋ ತೆಗೆದಳು. ಮುಂದೆ ನಾಲ್ಕು ಜೊತೆ ಚಪ್ಪಲಿ, ಪರದೆಯ ಸಂದಿಯಲ್ಲಿ ಗಂಡಸಿನ ಒಂದು ಕೈ, ಅದರ ಮೇಲೆ ಕಬ್ಬಿಣದ ರಾಡು ಬಿದ್ದ ಗಾಯ. ಮಂಟಪ ಇಲ್ಲ, ಗಿಡ ಇಲ್ಲ, ಮುಖ ಇಲ್ಲ. ಗಂಡ ಹೆಂಡತಿ ಇಬ್ಬರೂ ಹಿಂಬದಿಯಲ್ಲಿ ಹೆಬ್ಬೆಟ್ಟು ಒತ್ತಿದರು. ಫೋಟೋ ಒಂದು ಪತ್ರಿಕೆಯಲ್ಲಿ ಬಂತು, ಅಲ್ಲಿಂದ ಎಲ್ಲರ ಮೊಬೈಲಿಗೂ ಬಂತು.

ನಮ್ಮ ಬೀದಿಯ ತುದಿಯಲ್ಲಿ ಹಾಲಿನ ಬೂತ್ ಇದೆ. ಬೆಳಿಗ್ಗೆ ಅಲ್ಲಿ ಹಾಲಿಗಿಂತ ಮಾತು ಜಾಸ್ತಿ. ಎದುರುಮನೆಯವಳು ಮೊಬೈಲ್ ತೋರಿಸಿ, "ನೋಡಿ ಆಂಟಿ, ನಿಮ್ಮ ಮಹಡಿಯವಳು ತೆಗೆದಿದ್ದಂತೆ. ಕಸ ಆಯೋರ ಬಾಗಿಲಿಗೆ ರೇಷ್ಮೆ ಸೀರೆ. ಯಾರ ಮನೇಲಿ ಕದ್ದಿದ್ದೋ" ಅಂದಳು.

ನನಗೆ ಉರಿಯಿತು. "ಕದ್ದಿದ್ದಲ್ಲ, ನಾನು ಕೊಟ್ಟಿದ್ದು. ಅದು ನಮ್ಮ ಬೀಗಿತ್ತಿ ಸೀರೆ."

"ಇಳಕಲ್ ಸೀರೆ ಊರೆಲ್ಲ ಉಡ್ತಾರೆ ಆಂಟಿ. ನಿಮ್ಮದೇ ಅಂತ ಹೇಗೆ ಹೇಳ್ತೀರಿ? ಸುಮ್ನೆ ಬಿಡಿ."

ಬಾಯಿ ಮುಚ್ಚಿಕೊಂಡು ಹಾಲು ತಗೊಂಡು ಬರಬೇಕಿತ್ತು. ಬರಲಿಲ್ಲ. ಮನೆಗೆ ಹೋಗಿ ಡಬ್ಬಿಯಿಂದ ಈ ತುಂಡು ತಂದೆ. ಮೊಬೈಲಿನ ಪಕ್ಕಕ್ಕೆ ಹಿಡಿದೆ. ಪರದೆಯ ಸೆರಗಿನಲ್ಲಿ ತಲೆಯಿಲ್ಲದ ಒಂದು ತೆನೆ, ನನ್ನ ಕೈಯಲ್ಲಿ ಅದರ ತಲೆ. ಬೂತಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. "ಅಬ್ಬಾ, ಕೋರ್ಟಿಗೆ ಸಾಕ್ಷಿ ಕೊಟ್ಟಂಗೆ ಕೊಟ್ರಲ್ಲ ಅಜ್ಜಿ" ಅಂದ ಮನೆ ಬ್ರೋಕರ್. ಅವನು ದಿನಾ ಸ್ಕೂಟರಿನಲ್ಲಿ ಅಲ್ಲಿಗೆ ಬರುವವನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅವನು ಹಾಲಿನ ಪ್ಯಾಕೆಟ್ಟು ಡಿಕ್ಕಿಗೆ ಹಾಕುತ್ತಾ, ನನ್ನ ಕಡೆ ನೋಡದೆ, "ಪಾಪ, ಎಲ್ಲಿದ್ದಾರೆ ಈಗ? ನಮ್ಮನೇಲೂ ಹಳೇ ಬಟ್ಟೆ ಇವೆ" ಅಂದ.

ನಾನು ಹೇಳಿದೆ. ಮಂಟಪದ ಹಿಂದೆ, ಜಾಲಿಗಿಡದ ಹತ್ತಿರ. ದಾರಿ ಕೂಡ ಹೇಳಿದೆ.

ಅದಾದ ಮೂರನೇ ದಿನ ಭಾನುವಾರ. ಹುಡುಗಿ ಪತ್ರಿಕೆಯ ಪ್ರತಿ ತೋರಿಸಲು ಅವರ ಹತ್ತಿರ ಹೊರಟಿದ್ದಳು. ನಾನು ಡಬ್ಬಿಯಲ್ಲಿ ಪುಳಿಯೋಗರೆ ಹಾಕಿಕೊಂಡು ಜೊತೆಗೆ ಹೋದೆ. ಹನ್ನೊಂದು ಗಂಟೆ ಬಿಸಿಲು. ನನ್ನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದರು. ಮಕ್ಕಳಿಬ್ಬರೂ ಪುಳಿಯೋಗರೆ ತಿನ್ನುತ್ತಿದ್ದರು. ಸಣ್ಣವಳು ಖಾರಕ್ಕೆ ನಾಲಿಗೆ ಚಾಚಿ ಗಾಳಿ ಹಾಕಿಕೊಳ್ಳುತ್ತಿದ್ದಳು...

ಬೈಕುಗಳ ಸದ್ದು ಬಂತು. ಐದೋ ಆರೋ. ಹಿಂದೆ ಒಂದು ಸ್ಕೂಟರು. ಇಳಿದವರು ಕೂಗಲೂ ಇಲ್ಲ, ಕೇಳಲೂ ಇಲ್ಲ. ಕೈಯಲ್ಲಿ ರಾಡು, ಒಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟು. ಗಂಡ ಶೆಡ್ಡಿನ ಹಿಂದಿನಿಂದ ಓಡಲು ನೋಡಿದ. ಕಾಲಿಗೆ ಹೊಡೆದು ಬೀಳಿಸಿದರು. ಮೂಳೆ ಮುರಿಯುವ ಸದ್ದು ನನಗೆ ಕೇಳಿಸಿತು, ಹಸಿ ಕಬ್ಬು ಮುರಿದ ಹಾಗೆ. ಬಿದ್ದವನ ಮೇಲೆ ನಾಲ್ಕು ಜನ ಸುತ್ತ ನಿಂತು ಹೊಡೆದರು, ರಾಗಿ ಬಡಿದ ಹಾಗೆ, ಒಬ್ಬ ಎತ್ತಿದಾಗ ಇನ್ನೊಬ್ಬ ಇಳಿಸಿ. ಹೆಂಡತಿ ಅವನ ಮೇಲೆ ಬಿದ್ದಳು. ಅವಳ ಕೂದಲು ಹಿಡಿದು ಎಳೆದು ಆಚೆ ಎಸೆದರು. ಇನ್ನೊಬ್ಬ ಪರದೆಯನ್ನು ಕಿತ್ತು, ಉಂಡೆ ಮಾಡಿ, ಪೆಟ್ರೋಲ್ ಸುರಿದು ರಟ್ಟಿನ ಶೆಡ್ಡಿನ ಒಳಗೆ ಎಸೆದ.

ಹುಡುಗಿ ಕ್ಯಾಮೆರಾ ತೆಗೆದಳು. ಅಷ್ಟು ದಿನದಲ್ಲಿ ಅವಳು ಅದನ್ನು ಯಾರದಾದರೂ ಮುಖಕ್ಕೆ ಹಿಡಿದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಒಬ್ಬೊಬ್ಬನ ಎದುರಿಗೂ ಹೋಗಿ ನಿಂತು ಮುಖವನ್ನೇ ತೆಗೆದಳು. ಬ್ಯಾಟಿನವನು ಮೊದಲು ಅವಳ ಬಲಗೈಗೆ ಹೊಡೆದ. ಅವಳು ಬಿಡಲಿಲ್ಲ. ಎರಡನೇ ಸಲ ತಲೆಗೆ ಹೊಡೆದ. ಅವಳು ಕೂತಳು, ಆಮೇಲೆ ಮಲಗಿದಳು. ಕಿವಿಯಿಂದ ರಕ್ತ ಬಂತು. ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಕುಟ್ಟಿದರು, ಒಳಗಿದ್ದದ್ದನ್ನೆಲ್ಲ ಕಿತ್ತು ಬೆಂಕಿಗೆ ಹಾಕಿದರು.

ನನ್ನನ್ನು ಯಾರೂ ಮುಟ್ಟಲಿಲ್ಲ. ಅವರಲ್ಲೊಬ್ಬ ಬಂದು, "ಹೊಗೆ ಬರುತ್ತೆ ಅಜ್ಜಿ, ಏಳಿ" ಎಂದು ನನ್ನನ್ನು ಎಬ್ಬಿಸಿ, ಕುರ್ಚಿಯನ್ನು ಗಾಳಿಯ ಈ ಕಡೆಗೆ ತಂದಿಟ್ಟ. ಕೂರಿಸಿದ. ಅವನ ರಾಡು ನನ್ನ ಮೊಣಕಾಲಿಗೆ ತಾಗಿತು, ಒದ್ದೆಯಾಗಿತ್ತು. ಸ್ಕೂಟರಿನವನು ಹೆಲ್ಮೆಟ್ಟಿನ ಗಾಜು ಎತ್ತಿ ನನ್ನನ್ನು ನೋಡಿದ. ಹಾಲಿನ ಬೂತಿನ ಬ್ರೋಕರ್.

"ನೀವ್ಯಾಕೆ ಬರಕ್ಕೆ ಹೋದ್ರಿ ಅಜ್ಜಿ? ಮನೇಲಿರಬೇಕಿತ್ತು" ಅಂದ, ನಮ್ಮ ಮನೆ ಹುಡುಗರು ಯಾರೋ ಅಂದ ಹಾಗೆ.

ನಾನು ಕೂತೇ ಇದ್ದೆ. ಏನೂ ಮಾಡಲಿಲ್ಲ. ಕಲ್ಲು ಎತ್ತಲಿಲ್ಲ, ಶಾಪ ಹಾಕಲಿಲ್ಲ. ಸಣ್ಣವಳು ಬಂದು ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು, ಅವಳ ಕಿವಿ ಮುಚ್ಚಿದೆ. ಅಷ್ಟೇ.

ಗಂಡ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಸತ್ತ. ಹೆಂಡತಿ ಅವನನ್ನು ಇಲ್ಲಿನ ಸ್ಮಶಾನದಲ್ಲೇ ಹೂಳಿಸಿ, ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿದಳು. ಹೋಗುವಾಗ ನನ್ನನ್ನು ತಬ್ಬಿಕೊಂಡಳು. ನಾನು ಮರದ ಹಾಗೆ ನಿಂತಿದ್ದೆ. ಯಾರ ಬಾಯಿಂದ ಗಂಡ ಸತ್ತ ಅಂತ ಅವಳಿಗೆ ಗೊತ್ತಿರಲಿಲ್ಲವಲ್ಲ.

ಪೊಲೀಸರು ಬಂದು ಕೇಳಿದರು. ಬ್ರೋಕರ್ ಇದ್ದ ಅಂತ ಹೇಳಿದೆ. ಅವನನ್ನು ಎರಡು ದಿನ ಸ್ಟೇಷನ್ನಿನಲ್ಲಿ ಕೂರಿಸಿಕೊಂಡು ಬಿಟ್ಟುಬಿಟ್ಟರು. ಆ ದಾರಿಯಲ್ಲಿ ಹೋಗುತ್ತಿದ್ದೆ, ಹೊಗೆ ಕಂಡು ನಿಂತೆ ಅಂದನಂತೆ. ಅವನಿಗೆ ಆ ಜಾಗ ಹೇಗೆ ತಿಳಿಯಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ, ದಾರಿ ಕೇಳಿಕೊಂಡೇ ಹೋದವನು ಅಂತ ಗೊತ್ತಾಗುತ್ತಿತ್ತು. ಅದು ನನಗೆ ಆಗಲೂ ತಿಳಿದಿತ್ತು.

ಹುಡುಗಿ ಬಲಗೈಗೆ ಕಟ್ಟು, ತಲೆಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡು ವಾಪಸು ಬಂದಳು. ಬಂದವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡುವುದು. ನಾನು ಗಂಜಿ ತೆಗೆದುಕೊಂಡು ಹೋದರೆ ಅದರಿಂದ ಕಣ್ಣು ಕೀಳದೆ ಕೇಳುವಳು. "ಅಜ್ಜಿ, ಇದರಲ್ಲಿ ಆ ಜಾಗ ಎಲ್ಲಿ ಕಾಣುತ್ತೆ? ಈ ಚಪ್ಪಲಿ ಮಣ್ಣಾ? ಮಣ್ಣಿನ ಬಣ್ಣದಲ್ಲಿ ಗೊತ್ತಾಯ್ತಾ?"

"ಗಂಜಿ ಕುಡಿ" ಅನ್ನುತ್ತಿದ್ದೆ.

ಒಂದು ತಿಂಗಳು ಹೀಗೇ. ಅವಳು ಸೊರಗಿಹೋದಳು. ಕ್ಯಾಮೆರಾದ ಕೆಲಸವೇ ಬೇಡ ಅಂದಳು. "ನನ್ನ ಫೋಟೋ ಅವನನ್ನ ಕೊಂದಿತು" ಅಂದಳು. ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿದ ದಿನ ನಾನು ಮೆಟ್ಟಿಲಲ್ಲಿ ಕೂತು ಯೋಚಿಸಿದೆ. ಮಾಡದ ತಪ್ಪಿಗೆ ಒಬ್ಬಳು ಸಾಯುತ್ತಿದ್ದಾಳೆ, ಮಾಡಿದವಳು ಗಂಜಿ ಹೊತ್ತುಕೊಂಡು ಒಳ್ಳೆಯವಳಾಗಿ ಓಡಾಡುತ್ತಿದ್ದಾಳೆ. ಕೆಳಗೆ ಹೋಗಿ ಡಬ್ಬಿಯಿಂದ ತುಂಡು ತಂದು ಅವಳ ಕಂಪ್ಯೂಟರಿಗೆ ಹಿಡಿದೆ. ತಲೆಯಿಲ್ಲದ ತೆನೆಗೆ ತಲೆ ಕೂಡಿಸಿ ತೋರಿಸಿದೆ.

"ಫೋಟೋದಲ್ಲಿ ಏನೂ ಇಲ್ಲ ಕಣೇ. ಹಾಲಿನ ಬೂತಲ್ಲಿ ಜಂಬ ಕೊಚ್ಚಿಕೊಳ್ಳೋಕೆ ನಾನು ಹೇಳಿದೆ. ದಾರಿ ಸಮೇತ."

ಬೈಯುತ್ತಾಳೆ ಅಂದುಕೊಂಡೆ. ಹೊಡೆದರೂ ತಿನ್ನುತ್ತಿದ್ದೆ. ಅವಳು ತುಂಡನ್ನು ತಾನೇ ಒಂದು ಸಲ ತೆನೆಗೆ ಕೂಡಿಸಿ ನೋಡಿ ನನ್ನ ಕೈಗೆ ವಾಪಸು ಕೊಟ್ಟಳು. ಎದ್ದು, ಯಾರೋ ಸ್ನೇಹಿತರು ಕೊಟ್ಟಿದ್ದ ಹಳೇ ಕ್ಯಾಮೆರಾವನ್ನು ಎಡಗೈಯಲ್ಲಿ ಎತ್ತಿಕೊಂಡಳು.

"ತುಂಡನ್ನ ಮುಷ್ಟಿಯಲ್ಲಿ ಹಿಡಿದುಕೊಳ್ಳಿ."

"ಮುಖಾನೂ ತೆಗಿ" ಅಂದೆ. "ನೋಡಲಿ ಎಲ್ಲರೂ."

"ಬೇಡ. ಆ ಬ್ರೋಕರ್ ನಿಮ್ಮ ಬೀದೀಲೇ ಓಡಾಡ್ತಾನೆ." ಧ್ವನಿಯಲ್ಲಿ ಪ್ರೀತಿ ಇರಲಿಲ್ಲ. ಬೇರೆಯವರಿಗೆ ಹೇಳುವ ಹಾಗೇ ಹೇಳಿದಳು. "ಕಿರುಬೆರಳು ಒಳಗೆ ಮಡಚಿಕೊಳ್ಳಿ. ಗುರುತು ಸಿಗುತ್ತೆ."

ನನ್ನ ಬಲಗೈ ಕಿರುಬೆರಳು ಚಿಕ್ಕಂದಿನಲ್ಲೇ ಒರಳುಕಲ್ಲಿಗೆ ಸಿಕ್ಕಿ ಸೊಟ್ಟಗಾಗಿದೆ, ಬೀದಿಗೆಲ್ಲ ಗೊತ್ತು. ನಾನು ಮಡಚಲಿಲ್ಲ. ಅವಳು ಇನ್ನೊಂದು ಸಲ ಹೇಳಲಿಲ್ಲ. ತೆಗೆದಳು.

ಆ ವಾರವೇ ರೂಮು ಖಾಲಿ ಮಾಡಿದಳು. ಆ ಹೆಂಗಸು ಹೋದ ಊರಿಗೆ ಮೊದಲು ಹೋಗುತ್ತೇನೆ, ಆಮೇಲೆ ಗೊತ್ತಿಲ್ಲ ಅಂದಳು. ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಕಿಟಕಿಯ ಮೇಲೆ ಇಟ್ಟಳು.

ಎರಡು ತಿಂಗಳಿಗೆ ಕೊರಿಯರ್ ಬಂತು. ಒಳಗೆ ಆ ಫೋಟೋ. ಬರೀ ಒಂದು ಮುದಿ ಮುಷ್ಟಿ, ಸೊಟ್ಟ ಬೆರಳು, ಸಂದಿಯಿಂದ ಹೊರಗೆ ಬಂದ ಬಿಳಿ ತೆನೆಯ ತಲೆ. ಹಿಂದೆ ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ. "ಅಜ್ಜಿ, ಹಾಕಬಹುದಾ? ನಡೆದದ್ದನ್ನೂ ಜೊತೆಗೆ ಬರೆಯುತ್ತೇನೆ." ಕೆಳಗೆ ಸೈನಿಗೆ ಒಂದು ಗೆರೆ.

ಮೂರನೇ ಕ್ಲಾಸಿನವರೆಗೆ ಓದಿದ್ದೇನೆ, ಸೈನು ಮಾಡಲು ಬರುತ್ತದೆ. ಮಾಡಲಿಲ್ಲ. ಒಂದು ತೆನೆಯ ಗುರುತು ಹಿಡಿದ ಜನ ಒಂದು ಬೆರಳಿನ ಗುರುತು ಹಿಡಿಯುವುದಿಲ್ಲವೇ? ಬ್ರೋಕರ್ ಬೂತಿಗೆ ಮತ್ತೆ ಬರಲು ಶುರು ಮಾಡಿದ್ದ. "ಆರಾಮಾ ಅಜ್ಜಿ?" ಅನ್ನುತ್ತಿದ್ದ. ಸೊಸೆ ಅದೇ ದಾರಿಯಲ್ಲಿ ಬಸ್ಸಿಗೆ ಹೋಗುತ್ತಾಳೆ. ನಾಳೆ ನೋಡೋಣ ಅಂದುಕೊಂಡು ಫೋಟೋವನ್ನು ಡಬ್ಬಿಗೆ ಹಾಕಿದೆ. ನಾಳೆ ನಾಳೆ ಅಂತ ವರ್ಷ ಕಳೆಯಿತು. ಅವಳು ಮತ್ತೆ ಕೇಳಲಿಲ್ಲ. ಒಪ್ಪದಿದ್ದವರನ್ನು ಅವಳು ಎರಡನೇ ಸಲ ಕೇಳುತ್ತಿರಲಿಲ್ಲ.

ಹೋದ ವರ್ಷ ಅವಳ ಅಕ್ಕ ಫೋನ್ ಮಾಡಿದಳು. ಯಾವುದೋ ದೂರದ ರೈಲ್ವೆ ಸ್ಟೇಷನ್ನಿನಲ್ಲಿ, ಮೂಟೆ ಹೊತ್ತು ಇಳಿಯುತ್ತಿದ್ದವರ ನಡುವೆ ಕೆಲಸ ಮಾಡುತ್ತಾ ನಿಂತಿದ್ದವಳು ಫಿಟ್ಸ್ ಬಂದು ಬಿದ್ದಳಂತೆ. ಮತ್ತೆ ಏಳಲಿಲ್ಲ. ತಲೆಗೆ ಬಿದ್ದ ಹಳೇ ಏಟಿನದಿರಬಹುದು ಅಂದರಂತೆ ಡಾಕ್ಟರು, ಅಲ್ಲದೆಯೂ ಇರಬಹುದು ಅಂದರಂತೆ. ಅಲ್ಲದಿರಲಿ ಅಂತ ನನಗೂ ಆಸೆ. ಆದರೆ ನನ್ನ ಆಸೆ ಕೇಳಿಕೊಂಡು ಯಾವುದೂ ನಡೆದಿಲ್ಲ.

"ನಿಮ್ಮ ಬಗ್ಗೆ ಹೇಳ್ತಿದ್ಲು" ಅಂದಳು ಅಕ್ಕ.

"ಏನಂತ?"

"ಒಂದು ಫೋಟೋಗೆ ಉತ್ತರ ಬರಬೇಕು ಅಂತ."

ಇವತ್ತು ಸೊಸೆಯ ಸೀರೆಗಳಿಗೆ ಕತ್ತರಿ ಹಾಕಲಿಲ್ಲ, ಇಡಿಯಾಗೇ ಕೊಟ್ಟೆ. ಕ್ಯಾಲೆಂಡರಿಗೆ ಕಟ್ಟಿರುವ ಪೆನ್ನು ಬಿಚ್ಚಿಕೊಂಡು, ಫೋಟೋ ತಿರುಗಿಸಿ, ಗೆರೆಯ ಮೇಲೆ ಸೈನು ಮಾಡಿದೆ. "ಹಾಕು" ಅಂತಲೂ ಬರೆದೆ. ಆಮೇಲೆ ಕೂತು ನೋಡಿದರೆ ಕಳಿಸಲು ಯಾರೂ ಇಲ್ಲ. ನಡೆದದ್ದನ್ನು ಜೊತೆಗೆ ಬರೆಯುತ್ತೇನೆ ಅಂದಿದ್ದವಳು ಹೋಗಿಬಿಟ್ಟಳು. ಬರೆಯುವ ಕೆಲಸ ನನ್ನ ಮೇಲೆ ಬಿತ್ತು, ಬರೆದಿದ್ದೇನೆ. ಹಾಲಿನ ಬೂತಿನಲ್ಲಿ ಯಾರಾದರೂ ಇದನ್ನು ಓದಿ, ಇದು ನಿಮ್ಮದೇ ಅಂತ ಹೇಗೆ ಹೇಳ್ತೀರಿ ಅಂದರೆ, ನನ್ನ ಕಿರುಬೆರಳು ಇದೆ, ತೋರಿಸುತ್ತೇನೆ.